ಚಿಪ್ ಕಂಪನಿಯ ಇಂಟರ್‌ವ್ಯೂ: ಏನು ಕೇಳ್ತಾರೆ, ಯಾಕೆ ಕೇಳ್ತಾರೆ, ಯಾವುದನ್ನು ಕೇಳಬಾರದು?

ಎಂಜಿನಿಯರಿಂಗ್ ಮುಗಿಸಿ ಬೆಂಗಳೂರಿಗೆ ಬಂದ ಮೊದಲ ವರ್ಷ ನಾನು ಕೊಟ್ಟ ಇಂಟರ್‌ವ್ಯೂಗಳಲ್ಲಿ ಒಂದು ಇವತ್ತಿಗೂ ಮರೆತಿಲ್ಲ. ಔಟರ್ ರಿಂಗ್ ರೋಡಿನ ಒಂದು ಕಂಪನಿ. ಮೊದಲ ಮುಕ್ಕಾಲು ಗಂಟೆ ಬೋರ್ಡಿನ ಮುಂದೆ ನಿಲ್ಲಿಸಿ ಫ್ಲಿಪ್-ಫ್ಲಾಪ್, ಕೌಂಟರ್, ಟೈಮಿಂಗ್ ಅಂತ ಕೇಳಿದರು. ಕೆಲವಕ್ಕೆ ಸರಿಯಾಗಿ, ಕೆಲವಕ್ಕೆ ತಡವರಿಸಿ ಉತ್ತರ ಕೊಟ್ಟೆ. ಆಮೇಲೆ ಪಕ್ಕದ ಕೋಣೆಗೆ ಕಳಿಸಿದರು. ಅಲ್ಲಿದ್ದವರು ಕುಡಿಯಲು ನೀರು ಕೊಟ್ಟು, ನಗುತ್ತಲೇ ಕೇಳಿದರು: "ಫ್ಯಾಮಿಲಿ ಬಗ್ಗೆ ಹೇಳಿ. ಅಪ್ಪ ಏನ್ ಮಾಡ್ತಾರೆ?"

"ಎಪಿಎಂಸಿಯಲ್ಲಿ ಹಮಾಲಿ ಸರ್" ಅಂದೆ. "ಓಹೋ" ಅಂದು ಏನೋ ಬರೆದುಕೊಂಡರು.

ಆ ಕೆಲಸ ಸಿಗಲಿಲ್ಲ. ಅದಕ್ಕೆ ಆ ಒಂದು ಉತ್ತರವೇ ಕಾರಣ ಅಂತ ನಾನು ಹೇಳುವುದಿಲ್ಲ. ಟೈಮಿಂಗ್ ಲೆಕ್ಕವನ್ನೂ ನಾನು ತಪ್ಪು ಮಾಡಿದ್ದೆ. ಆದರೆ ಲೆಕ್ಕ ಎಲ್ಲಿ ತಪ್ಪಿತು ಅಂತ ರೂಮಿಗೆ ವಾಪಸ್ ಬಂದು ಪುಸ್ತಕ ತೆಗೆದು ನೋಡಿದೆ, ತಿದ್ದಿಕೊಂಡೆ. ಎರಡನೇ ಪ್ರಶ್ನೆಯ ಸರಿ ಉತ್ತರ ಯಾವ ಪುಸ್ತಕದಲ್ಲೂ ಇರಲಿಲ್ಲ.

ಹಾರ್ಡ್‌ವೇರ್ ಇಂಟರ್‌ವ್ಯೂ ಅಂದರೆ ಈ ಎರಡೂ ಸೇರಿದ್ದು. ಒಂದು ಕಲಿತು ಗೆಲ್ಲಬಹುದಾದ ಭಾಗ. ಇನ್ನೊಂದು ಕಲಿಕೆಗೂ ಕೆಲಸಕ್ಕೂ ಸಂಬಂಧವೇ ಇಲ್ಲದ ಭಾಗ. ಮೊದಲನೆಯದಕ್ಕೆ ತಯಾರಿ ಹೇಗೆ, ಎರಡನೆಯದನ್ನು ಗುರುತಿಸುವುದು ಹೇಗೆ ಅನ್ನುವುದನ್ನು ಒಂದೇ ಕಡೆ ಬರೆದಿಡುವುದು ಈ ಲೇಖನದ ಉದ್ದೇಶ.

ಯಾವ ಕೆಲಸಕ್ಕೆ ಕರೀತಿದ್ದಾರೆ, ಮೊದಲು ನೋಡಿ

ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದದ್ದು 1985ರಲ್ಲಿ. ಅಲ್ಲಿಂದ ಶುರುವಾಗಿ ಇಂಟೆಲ್, ಕ್ವಾಲ್ಕಾಮ್, ಎಎಂಡಿ, ಎನ್‌ವಿಡಿಯಾ ಹೀಗೆ ಜಗತ್ತಿನ ದೊಡ್ಡ ಚಿಪ್ ಕಂಪನಿಗಳೆಲ್ಲ ಇಲ್ಲಿ ಡಿಸೈನ್ ಸೆಂಟರ್ ಮಾಡಿಕೊಂಡಿವೆ. ಅವುಗಳಿಗೆ ಎಂಜಿನಿಯರುಗಳನ್ನು ಒದಗಿಸುವ ಸರ್ವೀಸ್ ಕಂಪನಿಗಳು ಬೇರೆ. 2021ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ 76,000 ಕೋಟಿ ರೂಪಾಯಿಯ ಸೆಮಿಕಂಡಕ್ಟರ್ ಯೋಜನೆ ಘೋಷಿಸಿದ ಮೇಲೆ ಸುದ್ದಿಯಲ್ಲಿರುವ ಕಾರ್ಖಾನೆಗಳು ಹೆಚ್ಚಾಗಿ ಗುಜರಾತಿನ ಸಾನಂದ್, ಧೋಲೇರಾ ಕಡೆಯವು. ಬೆಂಗಳೂರಿನಲ್ಲಿ ಇರುವುದು ಮುಖ್ಯವಾಗಿ ಡಿಸೈನ್ ಕೆಲಸ. ಇಲ್ಲಿ ಚಿಪ್ ತಯಾರಾಗುವುದಿಲ್ಲ, ಅದರ ನಕ್ಷೆ ತಯಾರಾಗುತ್ತದೆ.

"ವಿಎಲ್‌ಎಸ್‌ಐ ಜಾಬ್" ಅಂತ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬುವುದು ಮೊದಲ ತಪ್ಪು. ಕೆಲಸ ಬದಲಾದರೆ ಪ್ರಶ್ನೆಯೂ ಬದಲಾಗುತ್ತದೆ.

ಆರ್‌ಟಿಎಲ್ ಡಿಸೈನ್: ಸರ್ಕ್ಯೂಟು ಹೇಗೆ ನಡೆದುಕೊಳ್ಳಬೇಕು ಅಂತ ವೆರಿಲಾಗ್‌ನಲ್ಲಿ ಬರೆಯುವುದು. ಡಿಜಿಟಲ್ ಲಾಜಿಕ್, ಸ್ಟೇಟ್ ಮಷೀನ್, ಕ್ಲಾಕ್ ಇಲ್ಲಿ ಮುಖ್ಯ.

ವೆರಿಫಿಕೇಶನ್: ಬರೆದದ್ದು ಸರಿ ಇದೆಯಾ ಅಂತ ಹುಡುಕಿ ಹುಡುಕಿ ತಪ್ಪು ಹಿಡಿಯುವುದು. ಸಿಸ್ಟಮ್‌ವೆರಿಲಾಗ್, ಯುವಿಎಂ, ಕವರೇಜ್ ಕೇಳುತ್ತಾರೆ. ಹೊಸಬರಿಗೆ ಬಾಗಿಲು ಹೆಚ್ಚು ತೆರೆದಿರುವುದು ಇಲ್ಲೇ.

ಫಿಸಿಕಲ್ ಡಿಸೈನ್: ಗೇಟುಗಳನ್ನು ಚಿಪ್ಪಿನ ಜಾಗದಲ್ಲಿ ಕೂರಿಸಿ ತಂತಿ ಎಳೆಯುವುದು. ಟೈಮಿಂಗ್ ಲೆಕ್ಕ ಇಲ್ಲಿ ಜೀವಾಳ.

ಅನಲಾಗ್: ಆಪ್-ಆಂಪ್, ಮಾಸ್‌ಫೆಟ್, ಕರೆಂಟ್ ಮಿರರ್. ಎಂ.ಟೆಕ್ ಮಾಡಿದವರನ್ನೇ ಹೆಚ್ಚಾಗಿ ಕರೆಯುತ್ತಾರೆ.

ಬೋರ್ಡ್ ಮತ್ತು ಎಂಬೆಡೆಡ್: ಪಿಸಿಬಿ, ಪವರ್ ಸಪ್ಲೈ, ಮೈಕ್ರೋಕಂಟ್ರೋಲರ್, ಸಿ ಭಾಷೆ.

ಸಾಮಾನ್ಯವಾಗಿ ಒಂದು ಲಿಖಿತ ಅಥವಾ ಆನ್‌ಲೈನ್ ಪರೀಕ್ಷೆ, ಎರಡರಿಂದ ನಾಲ್ಕು ಟೆಕ್ನಿಕಲ್ ಸುತ್ತು, ಒಂದು ಮ್ಯಾನೇಜರ್ ಸುತ್ತು, ಕೊನೆಗೆ ಎಚ್‌ಆರ್.

ಒಂದು ಪ್ರಶ್ನೆ, ಮೂರು ಮೆಟ್ಟಿಲು

ನಾನು ಸೋತ ಪ್ರಶ್ನೆಯನ್ನೇ ತಗೊಳ್ಳೋಣ. ಇದು ಇವತ್ತಿಗೂ ಕೇಳುತ್ತಾರೆ.

ಫ್ಲಿಪ್-ಫ್ಲಾಪ್ ಅಂದರೆ ಕ್ಲಾಕ್ ಬಡಿದ ಕ್ಷಣದಲ್ಲಿ ಎದುರಿಗಿರುವ ಬಿಟ್ಟನ್ನು ಹಿಡಿದಿಟ್ಟುಕೊಳ್ಳುವ ಸಾಧನ. ಬಸ್ ಹತ್ತುವ ಹಾಗೆ ಅಂದುಕೊಳ್ಳಿ. ಬಸ್ ಬರುವುದಕ್ಕಿಂತ ಸ್ವಲ್ಪ ಮುಂಚೆಯೇ ಸ್ಟಾಪಿನಲ್ಲಿ ಇರಬೇಕು, ಇದು ಸೆಟಪ್ ಟೈಮ್. ಹತ್ತಿದ ಮೇಲೆ ಬಾಗಿಲು ಮುಚ್ಚುವವರೆಗೂ ಅಲುಗಾಡಬಾರದು, ಇದು ಹೋಲ್ಡ್ ಟೈಮ್.

ಮೊದಲ ಮೆಟ್ಟಿಲು: ಎರಡು ಫ್ಲಿಪ್-ಫ್ಲಾಪ್ ಇವೆ. ಕ್ಲಾಕ್ ಬಡಿದ ಮೇಲೆ ಮೊದಲನೆಯದರಿಂದ ಬಿಟ್ ಹೊರಬರಲು 1 ನ್ಯಾನೋಸೆಕೆಂಡ್, ನಡುವಿನ ಲಾಜಿಕ್ ದಾಟಲು 6, ಎರಡನೆಯದರ ಸೆಟಪ್ 1. ಗರಿಷ್ಠ ವೇಗ ಎಷ್ಟು? ಕೂಡಿದರೆ 8 ನ್ಯಾನೋಸೆಕೆಂಡ್, ಅಂದರೆ 125 ಮೆಗಾಹರ್ಟ್ಸ್. ಇಷ್ಟನ್ನು ಎಲ್ಲರೂ ಹೇಳುತ್ತಾರೆ.

ಎರಡನೇ ಮೆಟ್ಟಿಲು: ಎರಡನೇ ಫ್ಲಿಪ್-ಫ್ಲಾಪಿಗೆ ಕ್ಲಾಕ್ 1 ನ್ಯಾನೋಸೆಕೆಂಡ್ ತಡವಾಗಿ ತಲುಪಿದರೆ? ಬಸ್ ತಡವಾಗಿ ಬಂದರೆ ಓಡಿ ಬರುವವನಿಗೆ ಲಾಭ. 8 ಇದ್ದದ್ದು 7 ಆಗುತ್ತದೆ, ವೇಗ ಸುಮಾರು 143 ಮೆಗಾಹರ್ಟ್ಸಿಗೆ ಏರುತ್ತದೆ. ತಡ ಅಂದ ಕೂಡಲೇ ನಷ್ಟ ಅಂದುಕೊಂಡು ನಾನು 9 ಅಂತ ಬರೆದಿದ್ದೆ.

ಮೂರನೇ ಮೆಟ್ಟಿಲು: ಹಾಗಾದರೆ ಕ್ಲಾಕನ್ನು ಬೇಕಂತಲೇ ತಡ ಮಾಡಿಬಿಡೋಣವಾ? ಈಗ ಹೋಲ್ಡ್ ನೋಡಬೇಕು. ಅದೇ ಕ್ಲಾಕಿನಲ್ಲಿ, ನಡುವೆ ಲಾಜಿಕ್ ಏನೂ ಇಲ್ಲದ ಇನ್ನೊಂದು ಜೋಡಿ ಇದೆ ಅಂದುಕೊಳ್ಳಿ. ಅಲ್ಲಿ ಹೊಸ ಬಿಟ್ 1 ನ್ಯಾನೋಸೆಕೆಂಡಿಗೇ ತಲುಪುತ್ತದೆ. ಹೋಲ್ಡ್ 0.5 ಇದ್ದರೆ ಮೊದಲು ತೊಂದರೆ ಇರಲಿಲ್ಲ. ಕ್ಲಾಕ್ 1 ತಡವಾದರೆ ಹಳೆಯ ಬಿಟ್ 1.5ರವರೆಗೆ ಅಲುಗಾಡದೆ ಇರಬೇಕು, ಆದರೆ ಹೊಸದು ಅಷ್ಟರಲ್ಲೇ ಬಂದು ಅದನ್ನು ತಳ್ಳಿರುತ್ತದೆ. ಫೇಲ್.

ಸೆಟಪ್ ತಪ್ಪಿದರೆ ಕ್ಲಾಕ್ ನಿಧಾನ ಮಾಡಿ ಹೇಗೋ ಬದುಕಿಕೊಳ್ಳಬಹುದು. ಹೋಲ್ಡ್ ತಪ್ಪಿದರೆ ಕ್ಲಾಕ್ ಎಷ್ಟು ನಿಧಾನ ಮಾಡಿದರೂ ಸರಿಹೋಗುವುದಿಲ್ಲ. ಚಿಪ್ ತಯಾರಾಗಿ ಬಂದ ಮೇಲೆ ಗೊತ್ತಾದರೆ ಕೋಟಿಗಟ್ಟಲೆ ಹಣ ನೀರುಪಾಲು. ಇಂಟರ್‌ವ್ಯೂನಲ್ಲಿ ಇದನ್ನು ಅಷ್ಟು ಕೆದಕಿ ಕೇಳುವುದಕ್ಕೆ ಕಾರಣ ಇದು. ವ್ಯಾಖ್ಯಾನ ಬಾಯಿಪಾಠ ಮಾಡಿದವರು ಮೊದಲ ಮೆಟ್ಟಿಲಲ್ಲೇ ನಿಲ್ಲುತ್ತಾರೆ. ಹಾಳೆಯ ಮೇಲೆ ಕ್ಲಾಕಿನ ಗೆರೆ ಎಳೆದು ನೋಡುವ ಅಭ್ಯಾಸ ಇರುವವರು ಮೂರನ್ನೂ ಹತ್ತುತ್ತಾರೆ.

ಪದೇ ಪದೇ ಬರುವ ಇನ್ನು ಕೆಲವು

"1011 ಬಂದರೆ ಗುರುತಿಸುವ ಸ್ಟೇಟ್ ಮಷೀನ್ ಬರೀರಿ." ಬರೆಯೋಕೆ ಶುರು ಮಾಡುವ ಮುಂಚೆ ನೀವೇ ಒಂದು ಪ್ರಶ್ನೆ ಕೇಳಬೇಕು: ಒಂದರ ಕೊನೆ ಇನ್ನೊಂದರ ಆರಂಭ ಆಗಬಹುದಾ? 1011011 ಬಂದಾಗ, ಆಗಬಹುದು ಅಂದರೆ ಎರಡು ಸಲ, ಆಗಬಾರದು ಅಂದರೆ ಒಂದೇ ಸಲ. ಪ್ರಶ್ನೆಯಲ್ಲಿ ಬಿಟ್ಟುಹೋದದ್ದನ್ನು ನೀವು ಗಮನಿಸುತ್ತೀರಾ ಅನ್ನುವುದೂ ಇಲ್ಲಿ ಪರೀಕ್ಷೆಯೇ.

"ಬರೆಯುವ ಕಡೆ 100 ಮೆಗಾಹರ್ಟ್ಸ್, ಓದುವ ಕಡೆ 50. ಒಂದೇ ಉಸಿರಿಗೆ 80 ಪದ ಬರುತ್ತವೆ. ನಡುವೆ ಎಷ್ಟು ಆಳದ ಫಿಫೋ ಬೇಕು?" 80 ಪದ ಬರೆಯಲು 800 ನ್ಯಾನೋಸೆಕೆಂಡ್. ಅಷ್ಟರಲ್ಲಿ ಓದುವ ಕಡೆ 40 ಖಾಲಿ ಮಾಡಿರುತ್ತದೆ. ಉಳಿದ 40ಕ್ಕೆ ಜಾಗ ಬೇಕು. ಇದರ ಮೇಲೆ ಸಿಂಕ್ರೊನೈಸರ್ ತಡಕ್ಕಾಗಿ ಇನ್ನೊಂದಿಷ್ಟು ಸೇರಿಸಬೇಕು ಅಂದರೆ, ನೀವು ಬರೀ ಸೂತ್ರ ಓದಿಲ್ಲ ಅಂತ ಅವರಿಗೆ ಗೊತ್ತಾಗುತ್ತದೆ. ಆಗ ಮುಂದಿನ ಪ್ರಶ್ನೆ ಬರುತ್ತದೆ: ಫಿಫೋ ಪಾಯಿಂಟರುಗಳನ್ನು ಗ್ರೇ ಕೋಡ್‌ನಲ್ಲಿ ಯಾಕೆ ಕಳಿಸ್ತಾರೆ? ಒಂದು ಎಣಿಕೆಯಿಂದ ಮುಂದಿನದಕ್ಕೆ ಹೋಗುವಾಗ ಒಂದೇ ಬಿಟ್ ಬದಲಾಗುತ್ತದೆ. ಇನ್ನೊಂದು ಕ್ಲಾಕಿನವನು ಬದಲಾಗುವ ಹೊತ್ತಿಗೇ ನೋಡಿದರೂ ಹಳೆಯದೋ ಹೊಸದೋ ಕಾಣುತ್ತದೆ, ಎರಡೂ ಅಲ್ಲದ ಸಂಖ್ಯೆ ಕಾಣುವುದಿಲ್ಲ.

ಬೋರ್ಡ್ ಕೆಲಸಕ್ಕೆ ಹೋದರೆ ಪ್ರಶ್ನೆಯ ಧಾಟಿಯೇ ಬೇರೆ. "ಹೊಸ ಬೋರ್ಡ್ ಬಂದಿದೆ, ಆನ್ ಆಗ್ತಿಲ್ಲ. ಏನ್ ಮಾಡ್ತೀರಿ?" ಇದಕ್ಕೆ ಒಂದೇ ಸರಿ ಉತ್ತರ ಇಲ್ಲ, ಸರಿ ಕ್ರಮ ಇದೆ. ಮೊದಲು ಕಣ್ಣಲ್ಲಿ ನೋಡುವುದು: ಉಲ್ಟಾ ಕೂತ ಡಯೋಡ್, ಬೆಸುಗೆ ಬಿಟ್ಟ ಕಾಲು. ಪವರ್ ಕೊಡುವ ಮುಂಚೆಯೇ ಮೀಟರ್ ಹಿಡಿದು ಸಪ್ಲೈ ಮತ್ತು ಗ್ರೌಂಡ್ ನಡುವೆ ಶಾರ್ಟ್ ಇದೆಯಾ ನೋಡುವುದು. ಆಮೇಲೆ ಕರೆಂಟ್ ಮಿತಿ ಇಟ್ಟು ಪವರ್ ಕೊಡುವುದು. ನಂತರ ಒಂದೊಂದೇ ವೋಲ್ಟೇಜ್, ಕ್ಲಾಕ್, ರಿಸೆಟ್. ಪ್ರೋಗ್ರಾಮ್ ಸರಿ ಇದೆಯಾ ಅನ್ನುವುದು ಎಲ್ಲಕ್ಕಿಂತ ಕೊನೆಗೆ. ಊರಲ್ಲಿ ಪಂಪ್‌ಸೆಟ್ ಸ್ಟಾರ್ಟರ್ ರಿಪೇರಿ ನೋಡಿಕೊಂಡೇ ಬೆಳೆದವರಿಗೆ ಈ ಕ್ರಮ ರಕ್ತದಲ್ಲೇ ಇರುತ್ತದೆ. ಆದರೆ ಅದನ್ನು ಇಂಟರ್‌ವ್ಯೂನಲ್ಲಿ ಹೇಳಬಹುದು ಅಂತ ಅವರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ಹೇಳಿ.

ರೆಸ್ಯೂಮೆಯಲ್ಲಿ ಬರೆದ ಪ್ರಾಜೆಕ್ಟ್ ನಿಮ್ಮದೇ ಆಗಿರಲಿ. ದುಡ್ಡು ಕೊಟ್ಟು ತಂದ ಪ್ರಾಜೆಕ್ಟ್ ಮೂರನೇ ಪ್ರಶ್ನೆಗೆ ಬಯಲಾಗುತ್ತದೆ. "ಇದರಲ್ಲಿ ಏನು ಕೈಕೊಟ್ಟಿತು? ಹೇಗೆ ಕಂಡುಹಿಡಿದಿರಿ?" ಅನ್ನುವುದಕ್ಕೆ ಮಾಡಿದವರು ಮಾತ್ರ ಉತ್ತರ ಕೊಡಬಲ್ಲರು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ, ಆದರೆ ಅಲ್ಲಿಗೇ ನಿಲ್ಲಿಸಬೇಡಿ. "ಇದು ಗೊತ್ತಿಲ್ಲ ಸರ್, ಆದರೆ ಇಲ್ಲಿಂದ ಶುರು ಮಾಡಿ ನೋಡ್ತೀನಿ" ಅನ್ನುವುದು ಉತ್ತರವೇ.

ಇಂಗ್ಲಿಷ್ ತಡವರಿಸುತ್ತದೆ ಅಂದರೆ ಮೊದಲು ಪೆನ್ ಕೇಳಿ. ಬ್ಲಾಕ್ ಡಯಾಗ್ರಾಮ್, ವೇವ್‌ಫಾರ್ಮ್ ಬರೆಯುತ್ತ ಮಾತಾಡಿದರೆ ಅರ್ಧ ಕೆಲಸವನ್ನು ಚಿತ್ರವೇ ಮಾಡುತ್ತದೆ. ಸರ್ಕ್ಯೂಟಿಗೆ ಭಾಷೆ ಇಲ್ಲ. ಕೇಳುವವರು ಕನ್ನಡದವರೇ ಆಗಿದ್ದರೆ, "ಇದೊಂದನ್ನ ಕನ್ನಡದಲ್ಲಿ ಹೇಳಲಾ?" ಅಂತ ಕೇಳುವುದರಲ್ಲಿ ನಾಚಿಕೆಯೇನೂ ಇಲ್ಲ.

ಕೋಣೆಯ ಒಳಗೆ ಹೋಗುವ ಮುಂಚೆಯೇ ನಡೆಯುವ ಆಯ್ಕೆ

ಇಷ್ಟೆಲ್ಲ ಪ್ರಶ್ನೆ ಎದುರಿಸಬೇಕಾದರೆ ಮೊದಲು ಕರೆ ಬರಬೇಕಲ್ಲ. ದೊಡ್ಡ ಕಂಪನಿಗಳು ಹೊಸಬರನ್ನು ತೆಗೆದುಕೊಳ್ಳುವುದು ಹೆಚ್ಚಾಗಿ ಐಐಟಿ, ಎನ್‌ಐಟಿ ಮತ್ತು ಬೆರಳೆಣಿಕೆಯ ನಗರದ ಕಾಲೇಜುಗಳ ಕ್ಯಾಂಪಸ್ಸಿನಿಂದ. ರಾಯಚೂರಿನ, ಹಾವೇರಿಯ, ಚಾಮರಾಜನಗರದ ಕಾಲೇಜಿನಲ್ಲಿ ಅದೇ ವಿಟಿಯು ಸಿಲಬಸ್ ಓದಿದ ಹುಡುಗಿಯ ರೆಸ್ಯೂಮೆ, ಒಳಗಿನವರ ರೆಫರಲ್ ಇಲ್ಲದೆ ಯಾರ ಕಣ್ಣಿಗೂ ಬೀಳುವುದು ಕಷ್ಟ. ರೆಫರಲ್ ಕೊಡಲು ಒಳಗೆ ಒಬ್ಬ ಅಣ್ಣನೋ ಸೀನಿಯರೋ ಇರಬೇಕು. ಯಾರ ಮನೆಯಿಂದ ಇಲ್ಲಿಯವರೆಗೆ ಯಾರೂ ಹೋಗಿಲ್ಲವೋ ಅವರಿಗೆ ಆ ಅಣ್ಣ ಎಲ್ಲಿಂದ ಬರಬೇಕು?

ಹಾಗಾಗಿ ಬೆಂಗಳೂರಿನ ಟ್ರೈನಿಂಗ್ ಇನ್‌ಸ್ಟಿಟ್ಯೂಟುಗಳ ಬಾಗಿಲು. ಫೀಸು ಲಕ್ಷ ರೂಪಾಯಿ ಮುಟ್ಟುವುದುಂಟು. ಪಿಜಿ ಬಾಡಿಗೆ ಬೇರೆ. ಸೇರುವವರು ಮೂರು ಮಾತು ಲಿಖಿತದಲ್ಲಿ ಕೇಳಿ ಪಡೆಯಬೇಕು: ಕಳೆದ ಬ್ಯಾಚಿನಲ್ಲಿ ಎಷ್ಟು ಜನರಿಗೆ ಯಾವ ಕೆಲಸ ಸಿಕ್ಕಿತು, ಮಧ್ಯದಲ್ಲಿ ಬಿಟ್ಟರೆ ಎಷ್ಟು ಹಣ ವಾಪಸ್, ಮೂಲ ಅಂಕಪಟ್ಟಿ ಕೇಳುತ್ತಾರಾ. ಮೂಲ ಅಂಕಪಟ್ಟಿಯನ್ನು ಇನ್‌ಸ್ಟಿಟ್ಯೂಟಿಗೂ ಕೊಡಬೇಡಿ, ಕಂಪನಿಗೂ ಇಟ್ಟುಕೊಳ್ಳಲು ಕೊಡಬೇಡಿ. ತೋರಿಸಿ ವಾಪಸ್ ಪಡೆಯಿರಿ.

ಸಿನಾಪ್ಸಿಸ್, ಕೇಡೆನ್ಸ್‌ನಂಥ ಕಂಪನಿಗಳ ಸಾಫ್ಟ್‌ವೇರ್ ಒಬ್ಬ ವಿದ್ಯಾರ್ಥಿ ಕೊಳ್ಳುವಂಥದ್ದಲ್ಲ. ಆದರೆ ಕಲಿಯಲು ಅದೇ ಬೇಕಂತಿಲ್ಲ. ಐಕರಸ್ ವೆರಿಲಾಗ್, ವೆರಿಲೇಟರ್, ಯೋಸಿಸ್, ಜಿಟಿಕೆವೇವ್, ಎನ್‌ಜಿಸ್ಪೈಸ್, ಬೋರ್ಡಿಗೆ ಕೈಕ್ಯಾಡ್, ಇವೆಲ್ಲ ಉಚಿತ ಮತ್ತು ಮುಕ್ತ. ಎಚ್‌ಡಿಎಲ್‌ಬಿಟ್ಸ್‌ನಲ್ಲಿ ವೆರಿಲಾಗ್ ಅಭ್ಯಾಸ ಮಾಡಬಹುದು. ಎನ್‌ಪಿಟಿಇಎಲ್‌ನಲ್ಲಿ ಐಐಟಿ ಮೇಷ್ಟ್ರುಗಳ ಪಾಠ ಉಚಿತವಾಗಿ ಸಿಗುತ್ತದೆ. 2020ರಲ್ಲಿ ಗೂಗಲ್ ಮತ್ತು ಸ್ಕೈವಾಟರ್ ಸೇರಿ 130 ನ್ಯಾನೋಮೀಟರ್ ತಂತ್ರಜ್ಞಾನದ ಡಿಸೈನ್ ಕಿಟ್ಟನ್ನೇ ಮುಕ್ತವಾಗಿ ಬಿಟ್ಟವು. ಕೇಂದ್ರದ ‘ಚಿಪ್ಸ್ ಟು ಸ್ಟಾರ್ಟಪ್’ ಯೋಜನೆ 85,000 ಎಂಜಿನಿಯರುಗಳನ್ನು ತಯಾರು ಮಾಡುವ ಗುರಿ ಇಟ್ಟುಕೊಂಡಿದೆ. ಬೆಂಗಳೂರಿನ ಸಿ-ಡ್ಯಾಕ್‌ನಲ್ಲಿರುವ ಚಿಪ್‌ಇನ್ ಕೇಂದ್ರದ ಮೂಲಕ ಕಾಲೇಜುಗಳಿಗೆ ದುಬಾರಿ ಸಾಫ್ಟ್‌ವೇರನ್ನೂ ಒದಗಿಸುತ್ತಾರೆ. ನಿಮ್ಮ ಕಾಲೇಜು ಅದಕ್ಕೆ ಅರ್ಜಿ ಹಾಕಿದೆಯಾ? ಎಚ್‌ಒಡಿಯನ್ನು ಕೇಳಿ. ಒಬ್ಬರೇ ಹೋಗಬೇಡಿ, ಕ್ಲಾಸಿನವರೆಲ್ಲ ಹೋಗಿ ಕೇಳಿ.

"ಫ್ಯಾಮಿಲಿ ಬ್ಯಾಕ್‌ಗ್ರೌಂಡ್ ಹೇಳಿ"

ಈಗ ಪಕ್ಕದ ಕೋಣೆಗೆ ಬರೋಣ.

ನನ್ನದೊಂದೇ ಅನುಭವವಾಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ. 2007ರಲ್ಲಿ ‘ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ಯಲ್ಲಿ ಖಾಸಗಿ ಉದ್ಯೋಗ ಮತ್ತು ಜಾತಿಯ ಬಗ್ಗೆ ಕೆಲವು ಅಧ್ಯಯನಗಳು ಒಟ್ಟಿಗೆ ಬಂದವು. ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ಪತ್ರಿಕೆಯ ಜಾಹೀರಾತುಗಳಿಗೆ ಒಂದೇ ಅರ್ಹತೆಯ ಅರ್ಜಿಗಳನ್ನು ಬೇರೆ ಬೇರೆ ಹೆಸರಿನಲ್ಲಿ ಕಳಿಸಿದರು. ಮೇಲ್ಜಾತಿಯ ಹಿಂದೂ ಹೆಸರಿಗೆ ಹೋಲಿಸಿದರೆ, ಕರೆ ಬರುವ ಸಾಧ್ಯತೆ ದಲಿತ ಹೆಸರಿಗೆ ಮೂರನೇ ಎರಡರಷ್ಟು, ಮುಸ್ಲಿಂ ಹೆಸರಿಗೆ ಮೂರನೇ ಒಂದರಷ್ಟು ಇತ್ತು. ಅರ್ಜಿಗಳ ನಡುವಿನ ಮುಖ್ಯ ವ್ಯತ್ಯಾಸ ಹೆಸರು.

ಸುರಿಂದರ್ ಜೋಧ್ಕಾ ಮತ್ತು ಕ್ಯಾಥರೀನ್ ನ್ಯೂಮನ್ ಎಚ್‌ಆರ್ ಮ್ಯಾನೇಜರುಗಳ ಜೊತೆಯೇ ಕೂತು ಮಾತಾಡಿದರು. ನಾವು ನೋಡುವುದು ಮೆರಿಟ್ ಮಾತ್ರ ಅಂದ ಮ್ಯಾನೇಜರುಗಳಲ್ಲೇ ಬಹುಪಾಲು ಜನ ಅಭ್ಯರ್ಥಿಯ ‘ಫ್ಯಾಮಿಲಿ ಬ್ಯಾಕ್‌ಗ್ರೌಂಡ್’ ಕೇಳುವುದು ಮುಖ್ಯ ಅಂದರು. ಅಶ್ವಿನಿ ದೇಶಪಾಂಡೆ ಮತ್ತು ನ್ಯೂಮನ್ ದೆಹಲಿಯ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳನ್ನು ಕೇಳಿದಾಗ ಆ ಪ್ರಶ್ನೆಯ ಇನ್ನೊಂದು ಮುಖ ಕಂಡಿತು. ಮೇಲ್ಜಾತಿಯ ವಿದ್ಯಾರ್ಥಿಗಳಿಗೆ ಅದು ಕುಶಲೋಪರಿ. ದಲಿತ ವಿದ್ಯಾರ್ಥಿಗಳಿಗೆ ಅದು ಏನು ಹೇಳಬೇಕೋ, ಎಷ್ಟು ಹೇಳಬೇಕೋ ಗೊತ್ತಾಗದ ಇಕ್ಕಟ್ಟು.

ಜಾತಿಯನ್ನು ಯಾರೂ ನೇರವಾಗಿ ಕೇಳುವುದಿಲ್ಲ. ಅಪ್ಪನ ಕೆಲಸ, ಊರಿನ ಹೆಸರು, ಸರ್‌ನೇಮ್, "ನೀವು ವೆಜ್ಜಾ?" ಅನ್ನುವ ಪ್ರಶ್ನೆ ಸಾಕಾಗುತ್ತದೆ. ಹೆಣ್ಣುಮಕ್ಕಳಿಗೆ ಇನ್ನೊಂದು ಪಟ್ಟಿ: ಮದುವೆ ಯಾವಾಗ, ರಾತ್ರಿ ಲ್ಯಾಬ್‌ನಲ್ಲಿ ಇರೋಕಾಗುತ್ತಾ, ಗಂಡ ಬೇರೆ ಊರಿಗೆ ಹೋದರೆ? ಇವುಗಳಲ್ಲಿ ಯಾವುದಕ್ಕೂ ಹೋಲ್ಡ್ ಟೈಮಿಗೂ ಸಂಬಂಧ ಇಲ್ಲ.

ನೇಮಕಾತಿಯಲ್ಲಿ ಹೆಣ್ಣುಮಕ್ಕಳ ವಿರುದ್ಧದ ತಾರತಮ್ಯವನ್ನು 1976ರ ಸಮಾನ ವೇತನ ಕಾಯ್ದೆಯೇ ನಿಷೇಧಿಸಿತ್ತು. 2019ರ ವೇತನ ಸಂಹಿತೆಯಲ್ಲೂ ಆ ತತ್ವ ಇದೆ. ಜಾತಿ, ಧರ್ಮದ ಆಧಾರದ ಮೇಲೆ ಖಾಸಗಿ ಕಂಪನಿ ನೇಮಕಾತಿಯಲ್ಲಿ ತಾರತಮ್ಯ ಮಾಡಬಾರದು ಅನ್ನುವ ಸಮಗ್ರ ಕಾನೂನು ಮಾತ್ರ ನಮ್ಮಲ್ಲಿಲ್ಲ. ಸಂಸದ ಶಶಿ ತರೂರ್ ಮಂಡಿಸಿದ್ದ 2016ರ ತಾರತಮ್ಯ ವಿರೋಧಿ ಖಾಸಗಿ ಮಸೂದೆ ಕಾಯ್ದೆಯಾಗಲಿಲ್ಲ.

ಹಾಗಾದರೆ ಎದುರಿಗೆ ಕೂತಾಗ ಏನು ಮಾಡುವುದು? ಕೆಲಸ ಬೇಕಾದವರಿಗೆ ಜಗಳ ಮಾಡಿ ಎದ್ದು ಬನ್ನಿ ಅಂತ ಉಪದೇಶ ಮಾಡುವಷ್ಟು ಸಲೀಸಾದ ಜಾಗದಲ್ಲಿ ನಾನಿಲ್ಲ. ಎರಡು ಸಾಲಿನಲ್ಲಿ ಹೇಳಿ, ಮಾತನ್ನು ನಿಮ್ಮ ಕೆಲಸದ ಕಡೆಗೆ ತಿರುಗಿಸಿ. "ಅಪ್ಪ ಅಮ್ಮ ಇಬ್ಬರೂ ದುಡೀತಾರೆ ಸರ್. ನನ್ನ ಪ್ರಾಜೆಕ್ಟ್ ಬಗ್ಗೆ ಒಂದು ವಿಷಯ ಹೇಳೋದಿತ್ತು..." ಅಂದರೆ ಸಾಕು. ಹೊರಗೆ ಬಂದ ಮೇಲೆ ದಿನಾಂಕ, ಸುತ್ತು, ಕೇಳಿದ ಮಾತು ಬರೆದಿಡಿ. ಕ್ಯಾಂಪಸ್ ನೇಮಕಾತಿಯಾಗಿದ್ದರೆ ಪ್ಲೇಸ್‌ಮೆಂಟ್ ಸೆಲ್‌ಗೆ ಬರವಣಿಗೆಯಲ್ಲಿ ಕೊಡಿ. ಒಬ್ಬರ ಅನುಭವವನ್ನು ದೂರು ಅನ್ನುತ್ತಾರೆ, ಹತ್ತು ಜನರದ್ದು ಸೇರಿದರೆ ದಾಖಲೆ ಆಗುತ್ತದೆ.

ಆಫರ್ ಬಂದ ಮೇಲೆ: ಬಾಂಡ್

ಸಣ್ಣ ಕಂಪನಿಗಳು ಎರಡು ಮೂರು ವರ್ಷದ ಬಾಂಡ್ ಕೇಳುತ್ತವೆ. ಬಾಂಡೆಲ್ಲ ಕಾನೂನಿನ ಮುಂದೆ ನಿಲ್ಲುವುದಿಲ್ಲ ಅನ್ನುವ ಗೆಳೆಯರ ಮಾತು ನಂಬಬೇಡಿ. 2025ರ ಮೇ ತಿಂಗಳಲ್ಲಿ ವಿಜಯಾ ಬ್ಯಾಂಕ್ ಪ್ರಕರಣದಲ್ಲಿ, ಮೂರು ವರ್ಷಕ್ಕೆ ಮುಂಚೆ ಬಿಟ್ಟರೆ 2 ಲಕ್ಷ ರೂಪಾಯಿ ಕಟ್ಟಬೇಕೆಂಬ ಷರತ್ತನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಅದು ಸಾರ್ವಜನಿಕ ಬ್ಯಾಂಕಿನ ವಿಷಯ. ಹಾಗಂತ ಕಂಪನಿ ಬರೆದ ಮೊತ್ತವೆಲ್ಲ ತಾನಾಗೇ ವಸೂಲಾಗುವುದೂ ಇಲ್ಲ. ಕರಾರು ಕಾಯ್ದೆಯ 74ನೇ ಸೆಕ್ಷನ್ ಹೇಳುವುದು ‘ನ್ಯಾಯಯುತ’ ಪರಿಹಾರದ ಮಾತು. ಸಹಿ ಮಾಡುವ ಮುಂಚೆ ಓದಿ, ಪ್ರತಿ ಇಟ್ಟುಕೊಳ್ಳಿ.

ಇದು ಬರೀ ತಯಾರಿಯ ಪ್ರಶ್ನೆ ಅಲ್ಲ

2024ರ ಜುಲೈನಲ್ಲಿ ರಾಜ್ಯ ಸಂಪುಟ ಸ್ಥಳೀಯರಿಗೆ ಮ್ಯಾನೇಜ್‌ಮೆಂಟ್ ಹುದ್ದೆಗಳಲ್ಲಿ ಶೇ. 50, ಉಳಿದವುಗಳಲ್ಲಿ ಶೇ. 70 ಮೀಸಲಿಡುವ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಉದ್ಯಮಿಗಳು ಗದ್ದಲ ಮಾಡಿದರು, ಕೆಲವೇ ದಿನದಲ್ಲಿ ಸರ್ಕಾರ ಅದನ್ನು ತಡೆಹಿಡಿಯಿತು. ಆ ಚರ್ಚೆಯಲ್ಲಿ ಒಂದು ಕಡೆಯವರು ಕೋಟಾ ಅಂದರು, ಇನ್ನೊಂದು ಕಡೆಯವರು ಟ್ಯಾಲೆಂಟ್ ಅಂದರು. ಟ್ಯಾಲೆಂಟನ್ನು ಅಳೆಯುವ ಆ ಕೋಣೆಯಲ್ಲಿ ಏನು ನಡೆಯುತ್ತದೆ ಅಂತ ಕೇಳಿದವರು ಕಡಿಮೆ.

ಕೋಟಾ ಬೇಕೋ ಬೇಡವೋ ಅನ್ನುವ ವಾದ ಮುಂದುವರಿಯಲಿ. ಅದಕ್ಕೆ ಕಾಯದೆ ಇವತ್ತೇ ಕೇಳಬಹುದಾದ ನಾಲ್ಕು ಬೇಡಿಕೆಗಳಿವೆ. ಮೊದಲ ಸೋಸುವಿಕೆಯಲ್ಲಿ ಹೆಸರು, ಫೋಟೋ, ಕಾಲೇಜು ಮುಚ್ಚಿಡಿ. ಎಲ್ಲ ಕಾಲೇಜಿನವರೂ ಬರೆಯಬಹುದಾದ ಮುಕ್ತ ಪರೀಕ್ಷೆ ಇಡಿ. ಒಂದೇ ಹುದ್ದೆಗೆ ಬಂದವರಿಗೆಲ್ಲ ಒಂದೇ ಮಟ್ಟದ ಪ್ರಶ್ನೆ ಕೇಳಿ, ಅಂಕವನ್ನು ಲಿಖಿತವಾಗಿ ಕೊಡಿ. ಕೆಲಸಕ್ಕೆ ಸಂಬಂಧವಿಲ್ಲದ ಮನೆಯ ಪ್ರಶ್ನೆ ಕೇಳಬೇಡಿ. ಸರ್ಕಾರದಿಂದ ಜಮೀನು, ತೆರಿಗೆ ರಿಯಾಯಿತಿ, ಪ್ರೋತ್ಸಾಹಧನ ಪಡೆಯುವ ಕಂಪನಿಗಳಿಗೆ ಇದನ್ನು ಷರತ್ತಾಗಿ ಹಾಕಲು ಯಾವ ದೊಡ್ಡ ಕ್ರಾಂತಿಯೂ ಬೇಕಿಲ್ಲ.

ಚಿಪ್ ಡಿಸೈನ್‌ನಲ್ಲಿ ಒಂದು ಪಾಠ ಮೊದಲ ವಾರವೇ ಹೇಳಿಕೊಡುತ್ತಾರೆ: ಸರ್ಕ್ಯೂಟ್ ಬರೆದವರೇ ಅದನ್ನು ಪಾಸ್ ಮಾಡಬಾರದು, ಬೇರೆಯವರು ಪರೀಕ್ಷಿಸಬೇಕು. ಒಂದೊಂದು ಗೇಟನ್ನೂ ಅಷ್ಟು ಅನುಮಾನದಿಂದ ನೋಡುವ ಈ ಉದ್ಯಮ, ತನ್ನ ಇಂಟರ್‌ವ್ಯೂ ಕೋಣೆಯನ್ನು ಮಾತ್ರ ಯಾರೂ ಪರೀಕ್ಷಿಸುವುದು ಬೇಡ ಅನ್ನುತ್ತದೆ.

ನೀವು ಹೋಗುವಾಗ ಟೈಮಿಂಗ್ ಲೆಕ್ಕ ಸರಿಯಾಗಿ ಕಲಿತು ಹೋಗಿ, ನನ್ನ ಹಾಗೆ 9 ಅಂತ ಬರೆಯಬೇಡಿ. ಪಕ್ಕದ ಕೋಣೆಯಲ್ಲಿ ಅಪ್ಪನ ಬಗ್ಗೆ ಕೇಳಿದರೆ ತಲೆ ತಗ್ಗಿಸಬೇಡಿ. ಆ ಪ್ರಶ್ನೆಗೆ ಉತ್ತರ ಹೇಳಬೇಕಾದವರು ನೀವಲ್ಲ, ಅದನ್ನು ಕೇಳಿದವರು.